ತೀರ್ಮಾನಕ್ಕೆ ಮುಂಚೆ ಕೇಳಿ: ಕೆಲಸದ ಜಾಗದಲ್ಲಿ ನೌಕರರ ಮಾತಿಗೆ ಬೆಲೆ ಕೊಡುವುದು ಹೇಗೆ?

ಹಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಶಿಫ್ಟ್ ಸಮಯ ಬದಲಾಯಿತು. ಬದಲಾಯಿಸುವ ಮುಂಚೆ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ, ‘ನಿಮ್ಮ ಅಭಿಪ್ರಾಯ ಹೇಳಿ’ ಅಂದರು. ನಾವು ಮನಸ್ಸು ಬಿಚ್ಚಿ ಹೇಳಿದೆವು. ಮಕ್ಕಳನ್ನು ಶಾಲೆಗೆ ಬಿಡುವವರ ಪರದಾಟ, ರಾತ್ರಿ ಕೊನೆಯ ಬಸ್ಸಿನ ಸಮಯ, ಎಲ್ಲವೂ ಬಂತು. ಮಾರನೇ ದಿನ ಬೆಳಿಗ್ಗೆ ನೋಟಿಸ್ ಬೋರ್ಡಿನಲ್ಲಿ ಹೊಸ ವೇಳಾಪಟ್ಟಿ ಅಂಟಿಸಿದ್ದರು. ಅದರ ಕೆಳಗಿದ್ದ ಸಹಿಯ ತಾರೀಖು ಸಭೆಗಿಂತ ನಾಲ್ಕು ದಿನ ಹಿಂದಿನದು. ಅಲ್ಲಿಂದಾಚೆಗೆ ಆ ಜಾಗದಲ್ಲಿ ಯಾರು ಏನು ಕೇಳಿದರೂ ‘ಎಲ್ಲ ಸರಿಯಾಗಿದೆ ಸಾರ್’ ಅನ್ನುವುದೊಂದೇ ಉತ್ತರ.

ಕೇಳದೇ ಇದ್ದರೂ ಜನ ಸಹಿಸಿಕೊಳ್ಳುತ್ತಾರೆ. ಕೇಳಿದ ಹಾಗೆ ಮಾಡಿದರೆ ಮಾತ್ರ ಮರೆಯುವುದಿಲ್ಲ. ನೀವು ಹತ್ತು ಜನರ ಆಫೀಸ್ ನಡೆಸುತ್ತಿರಲಿ, ದೊಡ್ಡ ಫ್ಯಾಕ್ಟರಿಯ ಒಂದು ವಿಭಾಗ ನೋಡಿಕೊಳ್ಳುತ್ತಿರಲಿ, ನೌಕರರನ್ನು ನಿಜವಾಗಿ ಜೊತೆಗೆ ಸೇರಿಸಿಕೊಳ್ಳುವ ದಾರಿ ಇದೆ.

ಅದರಿಂದ ಕೆಲಸಕ್ಕೆ ಏನು ಲಾಭ ಅಂತ ಕೇಳುವವರಿಗೆ ಒಂದು ಹಳೆಯ ಪ್ರಯೋಗ ಹೇಳುತ್ತೇನೆ. ಅಮೆರಿಕದ ವರ್ಜೀನಿಯಾದಲ್ಲಿ ಹಾರ್ವುಡ್ ಎಂಬ ಪೈಜಾಮ ಹೊಲಿಯುವ ಫ್ಯಾಕ್ಟರಿ ಇತ್ತು. ಅಲ್ಲಿ ಕೆಲಸದ ವಿಧಾನ ಬದಲಾಯಿಸಬೇಕಾಗಿ ಬಂದಾಗ ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ಎಂಬ ಇಬ್ಬರು ಸಂಶೋಧಕರು ನೌಕರರನ್ನು ಬೇರೆ ಬೇರೆ ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಬದಲಾವಣೆಯನ್ನು ಸುಮ್ನೆ ತಿಳಿಸಿದರು. ಇನ್ನೊಂದು ಗುಂಪು ತನ್ನ ಪರವಾಗಿ ಕೆಲವರನ್ನು ಚರ್ಚೆಗೆ ಕಳುಹಿಸಿತು. ಉಳಿದ ಗುಂಪುಗಳಲ್ಲಿ ಎಲ್ಲರೂ ಕೂತು ಹೊಸ ವಿಧಾನವನ್ನು ರೂಪಿಸಿದರು. 1948ರಲ್ಲಿ ಪ್ರಕಟವಾದ ಫಲಿತಾಂಶ ಇಂದಿಗೂ ಯೋಚನೆಗೆ ಹಚ್ಚುತ್ತದೆ. ಬರೀ ತಿಳಿಸಿದ ಗುಂಪಿನಲ್ಲಿ ಉತ್ಪಾದನೆ ಕುಸಿಯಿತು, ಮೊದಲ 40 ದಿನಗಳಲ್ಲೇ ಶೇ 17ರಷ್ಟು ಜನ ಕೆಲಸ ಬಿಟ್ಟರು. ಎಲ್ಲರೂ ಸೇರಿ ರೂಪಿಸಿದ ಗುಂಪುಗಳಲ್ಲಿ ಆ ದಿನಗಳಲ್ಲಿ ಒಬ್ಬರೂ ಬಿಡಲಿಲ್ಲ. ಉತ್ಪಾದನೆ ಬೇಗ ಚೇತರಿಸಿಕೊಂಡು ಮೊದಲಿಗಿಂತ ಸುಮಾರು ಶೇ 14ರಷ್ಟು ಮೇಲೇರಿತು.

ಯಾವ ವಿಷಯ ಮುಂದಿಡಬೇಕು?

ನೌಕರರ ದಿನವನ್ನು ನೇರವಾಗಿ ಮುಟ್ಟುವ ವಿಷಯದಿಂದ ಶುರು ಮಾಡಿ. ಶಿಫ್ಟ್ ಹಂಚಿಕೆ, ರಜೆಯ ಸರದಿ, ಹೊಸ ಯಂತ್ರ ಅಥವಾ ಸಾಫ್ಟ್‌ವೇರ್ ಖರೀದಿ, ಕೂರುವ ವ್ಯವಸ್ಥೆ. ಪರದೆಯ ಬಣ್ಣ ಯಾವುದಿರಲಿ ಅಂತ ಕೇಳಿ, ಕೆಲಸದ ಗಂಟೆಯನ್ನು ಬಾಗಿಲು ಹಾಕಿಕೊಂಡು ನಿರ್ಧರಿಸಿದರೆ ಯಾರಿಗಾದರೂ ಅರ್ಥವಾಗುತ್ತದೆ, ಅಲ್ವಾ?

ಎಲ್ಲವನ್ನೂ ಸಭೆಗೆ ತರಬಾರದು ಕೂಡ. ಒಬ್ಬರ ಮೇಲಿನ ದೂರು, ಕಿರುಕುಳದ ಪ್ರಕರಣ, ಯಾರದೋ ಆರೋಗ್ಯದ ವಿಷಯ ಇವು ಗುಟ್ಟಾಗಿ ನಡೆಯಬೇಕು. ಜೀವದ ಸುರಕ್ಷತೆಯ ನಿಯಮ ಬೇಕೋ ಬೇಡವೋ ಅಂತ ಮತಕ್ಕೆ ಹಾಕುವ ಹಾಗಿಲ್ಲ. ಆದರೆ ಆ ನಿಯಮ ಪಾಲಿಸಲು ಎಲ್ಲಿ ತೊಡಕಾಗುತ್ತಿದೆ ಎಂದು ಕೇಳಲೇಬೇಕು.

ಎಷ್ಟು ಅಧಿಕಾರ ಅಂತ ಮೊದಲೇ ಹೇಳಿ

ಜಾಸ್ತಿ ಜನ ಎಡವುವುದು ಇಲ್ಲಿಯೇ. ‘ನಿಮ್ಮ ಅಭಿಪ್ರಾಯ ಕೊಡಿ’ ಅಂದಾಗ ನೌಕರರು ‘ನಾವು ಹೇಳಿದ್ದು ಆಗುತ್ತದೆ’ ಅಂದುಕೊಳ್ಳಬಹುದು. ನಿಮ್ಮ ಮನಸ್ಸಿನಲ್ಲಿ ‘ಕೇಳುತ್ತೇನೆ, ನಿರ್ಧಾರ ನನ್ನದೇ’ ಅಂತ ಇರಬಹುದು. ಇಬ್ಬರದೂ ತಪ್ಪಲ್ಲ, ಆದರೆ ಜಗಳ ಹುಟ್ಟುವುದು ಆ ನಡುವಿನ ಜಾಗದಲ್ಲಿ.

ಹಾಗಾಗಿ ಸಭೆಯ ನೋಟಿಸ್‌ನಲ್ಲೇ ಒಂದು ಸಾಲು ಬರೆಯಿರಿ. ‘ಇದು ಈಗಾಗಲೇ ನಿರ್ಧಾರವಾಗಿದೆ, ಜಾರಿ ಮಾಡುವುದು ಹೇಗೆ ಎಂದು ಮಾತ್ರ ಕೇಳುತ್ತಿದ್ದೇವೆ.’ ಅಥವಾ, ‘ನಿಮ್ಮ ಮಾತು ಕೇಳಿ, ಕೊನೆಯ ತೀರ್ಮಾನ ವಿಭಾಗದ ಮುಖ್ಯಸ್ಥರು ಮಾಡುತ್ತಾರೆ.’ ಅಥವಾ, ‘ಇಬ್ಬರೂ ಒಪ್ಪಿದರೆ ಮಾತ್ರ ಜಾರಿ.’ ಅಥವಾ, ‘ಇದು ಪೂರ್ತಿ ನಿಮಗೆ ಬಿಟ್ಟದ್ದು.’ ಮೊದಲನೆಯದನ್ನು ಬರೆಯಲು ಸಂಕೋಚ ಆಗಬಹುದು. ಆದರೂ ಬರೆಯಿರಿ. ಕಹಿಯಾದ ನಿಜವನ್ನು ಜನ ಒಪ್ಪುತ್ತಾರೆ, ಆಮೇಲೆ ಗೊತ್ತಾದ ನಾಟಕವನ್ನು ಒಪ್ಪುವುದಿಲ್ಲ.

ಜೊತೆಗೆ ಲೆಕ್ಕವನ್ನೂ ತೋರಿಸಿ. ಎಷ್ಟು ಹಣ ಇದೆ, ಯಾವ ತಾರೀಖಿನೊಳಗೆ ಮುಗಿಯಬೇಕು, ಯಾವುದನ್ನು ಬದಲಾಯಿಸಲು ಆಗುವುದಿಲ್ಲ. ಇದನ್ನು ಸಭೆಗೆ ಎರಡು ಮೂರು ದಿನ ಮುಂಚೆಯೇ ಕೈಗೆ ಕೊಡಿ. ಅಂಕಿ ಮುಚ್ಚಿಟ್ಟುಕೊಂಡು, ‘ಇವರ ಸಲಹೆ ಒಂದೂ ನಡೆಯುವಂಥದ್ದಲ್ಲ’ ಅನ್ನುವುದು ಅನ್ಯಾಯ.

ಬಾಯಿ ಬಿಡದವರ ಮಾತು

ಪ್ರತಿ ಸಭೆಯಲ್ಲೂ ಅದೇ ಮೂರು ನಾಲ್ಕು ಜನ ಮಾತಾಡುತ್ತಾರೆ. ಉಳಿದವರು ತಲೆಯಾಡಿಸುತ್ತಾರೆ. ಹೊಸಬರು, ಗುತ್ತಿಗೆಯ ಮೇಲೆ ಇರುವವರು, ರಾತ್ರಿ ಪಾಳಿಯವರು, ಸಭೆಯ ಭಾಷೆ ಸಲೀಸಾಗಿ ಬರದವರು ಸುಮ್ಮನೆ ಕೂತಿರುತ್ತಾರೆ. ಅವರಿಗೆ ಹೇಳಲು ಏನೂ ಇಲ್ಲ ಅಂತಲ್ಲ. ಹೇಳಿದರೆ ಏನಾದೀತೋ ಎಂಬ ಅಳುಕು.

ಈ ಅಳುಕು ಭಾಷಣದಿಂದ ಹೋಗುವುದಿಲ್ಲ, ವ್ಯವಸ್ಥೆಯಿಂದ ಹೋಗುತ್ತದೆ. ಮೊದಲು ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಐದು ನಿಮಿಷ ಯಾರೂ ಮಾತಾಡದೆ ಬರೆಯಲಿ, ಹೆಸರು ಬೇಡ. ಬರೆಯಲು ಕಷ್ಟವಾದವರು ತಾವು ನಂಬುವ ಗೆಳೆಯರ ಕೈಲಿ ಬರೆಸಲಿ. ಆಮೇಲೆ ಐದಾರು ಜನರ ಚಿಕ್ಕ ಗುಂಪಿನಲ್ಲಿ ಮಾತಾಡಲಿ. ಐವತ್ತು ಜನರ ಮುಂದೆ ಬಾಯಿ ಬಿಡದವರು ಐದು ಜನರ ಮುಂದೆ ಬಿಡುತ್ತಾರೆ. ಮುಖ್ಯಸ್ಥರು ಕೊನೆಗೆ ಮಾತಾಡಬೇಕು. ಅವರು ಮೊದಲು ಮಾತಾಡಿದರೆ ಉಳಿದ ಸಭೆ ಅದಕ್ಕೆ ಒಗ್ಗರಣೆ ಅಷ್ಟೇ.

ಇನ್ನೊಂದು ಮಾತು. ಸಭೆ ಕೆಲಸದ ಅವಧಿಯಲ್ಲೇ ನಡೆಯಲಿ. ಡ್ಯೂಟಿ ಮುಗಿದ ಮೇಲೆ ಕರೆದರೆ ಮನೆಯಲ್ಲಿ ಮಗು, ವಯಸ್ಸಾದವರು ಇರುವವರು ಮೊದಲು ತಪ್ಪಿಹೋಗುತ್ತಾರೆ. ರಾತ್ರಿ ಪಾಳಿಗೆ ಬೇರೆ ಸಭೆ ಇಡಿ.

ತೀರ್ಮಾನಕ್ಕೆ ಬರುವಾಗ ತಕ್ಷಣ ಕೈ ಎತ್ತಿಸಬೇಡಿ. ಮೊದಲು, ‘ಇದರಿಂದ ನನ್ನ ಕೆಲಸಕ್ಕೆ ಪೆಟ್ಟು ಬೀಳುತ್ತದೆ ಅನ್ನುವವರು ಯಾರಾದರೂ ಇದ್ದೀರಾ?’ ಅಂತ ಕೇಳಿ. ಒಬ್ಬರೇ ಹೇಳಿದರೂ ಅದನ್ನು ಸರಿಪಡಿಸಲು ನೋಡಿ. ಮತ ಹಾಕಿದರೆ ಆ ಒಬ್ಬರು ಸೋಲುತ್ತಾರೆ, ಅವರು ಕಂಡ ತೊಂದರೆ ಹಾಗೆಯೇ ಉಳಿಯುತ್ತದೆ.

ಉತ್ತರ ಕೊಡಿ, ತಡ ಮಾಡಬೇಡಿ

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಇದು. ಸಲಹೆ ಪೆಟ್ಟಿಗೆ ಹಳೆಯ ವಿಚಾರ. ಕೊಡಾಕ್ ಕಂಪನಿ 1898ರಲ್ಲೇ ಸಲಹೆ ಪಡೆಯುವ ವ್ಯವಸ್ಥೆ ಶುರು ಮಾಡಿತ್ತು. ಕಿಟಕಿ ಗಾಜು ತೊಳೆಸಿದರೆ ಒಳಗೆ ಬೆಳಕು ಚೆನ್ನಾಗಿ ಬರುತ್ತದೆ ಎಂದು ಒಬ್ಬ ಕಾರ್ಮಿಕ ಬರೆದರು, ಅವರಿಗೆ ಎರಡು ಡಾಲರ್ ಬಹುಮಾನ ಸಿಕ್ಕಿತು. ಸಲಹೆ ಚಿಕ್ಕದೇ. ಆದರೆ ಅದನ್ನು ಯಾರೋ ಓದಿದರು, ಉತ್ತರ ಬಂತು. ಎಷ್ಟೋ ಕಡೆ ಪೆಟ್ಟಿಗೆ ಗೋಡೆಯ ಮೇಲೆ ಧೂಳು ತಿನ್ನುತ್ತಿರುತ್ತದೆ, ಬೀಗದ ಕೈ ಯಾರ ಹತ್ತಿರ ಇದೆ ಅಂತಲೇ ಗೊತ್ತಿರುವುದಿಲ್ಲ.

ಟೊಯೊಟಾ ಕಾರ್ಖಾನೆಯ ಹಗ್ಗದ ಬಗ್ಗೆ ಕೇಳಿರಬಹುದು. ಕಾರು ಜೋಡಿಸುವ ಸಾಲಿನಲ್ಲಿ ಏನಾದರೂ ಸರಿಯಿಲ್ಲ ಅನ್ನಿಸಿದರೆ ಯಾವ ಕಾರ್ಮಿಕರಾದರೂ ಹಗ್ಗ ಎಳೆಯಬಹುದು. ತಂಡದ ನಾಯಕರು ಕೂಡಲೇ ಅಲ್ಲಿಗೆ ಬರುತ್ತಾರೆ. ಅಷ್ಟರಲ್ಲಿ ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ಜನರಲ್ ಮೋಟಾರ್ಸ್ 1982ರಲ್ಲಿ ಮುಚ್ಚಿದ್ದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆಯನ್ನು 1984ರಲ್ಲಿ ಟೊಯೊಟಾ ಜೊತೆ ಸೇರಿ ಮತ್ತೆ ತೆರೆದರು. ಗೈರುಹಾಜರಿಗೆ, ಕಳಪೆ ಕೆಲಸಕ್ಕೆ ಹೆಸರಾಗಿದ್ದ ಜಾಗ ಅದು. ಬಹುಪಾಲು ಹಳೆಯ ಕಾರ್ಮಿಕರನ್ನೇ ವಾಪಸ್ ತೆಗೆದುಕೊಂಡರು. ಅವರೇ ಆಮೇಲೆ ಉತ್ತಮ ಗುಣಮಟ್ಟದ ಕಾರು ಮಾಡಿದರು. ಬದಲಾದದ್ದು ಬರೀ ಹಗ್ಗವಲ್ಲ ನಿಜ, ಕೆಲಸದ ಪದ್ಧತಿಯೇ ಬೇರೆಯಾಗಿತ್ತು. ಆದರೂ ಎಳೆದ ಕೂಡಲೇ ಒಬ್ಬರು ಬಂದು ‘ಏನಾಯಿತು?’ ಅಂತ ಕೇಳುವುದು ಸಣ್ಣ ವಿಷಯವಲ್ಲ.

ನಿಮ್ಮಲ್ಲಿ ಹಗ್ಗ ಬೇಡ, ಒಂದು ಹಾಳೆ ಸಾಕು. ಬಂದ ಪ್ರತಿ ಸಲಹೆಯನ್ನೂ ಬರೆದು ಎದುರಿಗೆ ಉತ್ತರ ಹಾಕಿ: ಒಪ್ಪಿದ್ದೇವೆ, ಇಂಥ ದಿನದಿಂದ ಜಾರಿ. ಒಪ್ಪಿಲ್ಲ, ಕಾರಣ ಇದು. ಈಗ ಆಗುವುದಿಲ್ಲ, ಇಂಥ ತಿಂಗಳು ಮತ್ತೆ ನೋಡುತ್ತೇವೆ. ಒಂದು ವಾರದೊಳಗೆ ಎಲ್ಲರಿಗೂ ಕಾಣುವ ಕಡೆ ಹಾಕಿ. ‘ಒಪ್ಪಿಲ್ಲ’ ಅನ್ನುವುದಕ್ಕೆ ಬರೆಯುವ ಕಾರಣವೇ ಜನ ಮುಂದಿನ ಸಲ ಮಾತಾಡುತ್ತಾರೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ. ‘ಆಡಳಿತಾತ್ಮಕ ಕಾರಣ’ ಅಂತ ಬರೆದರೆ ಏನೂ ಹೇಳಿದ ಹಾಗಾಗಲಿಲ್ಲ. ದೊಡ್ಡ ಬದಲಾವಣೆಯಾದರೆ ಆರು ವಾರ ನಡೆಸಿ ನೋಡಿ, ಮತ್ತೆ ಕೂತು ಮಾತಾಡಿ.

ಸಮಿತಿ ಮಾಡುವಾಗ

ಒಂದೆರಡು ವಿಷಯ ಹೀಗೆ ದಾಟಿದ ಮೇಲೆ ಸಮಿತಿ ಮಾಡಬಹುದು. ಸದಸ್ಯರನ್ನು ನೌಕರರೇ ಗುಟ್ಟು ಮತದಿಂದ ಆರಿಸಲಿ, ಮೇಲಿನವರು ಹೆಸರಿಸುವುದು ಬೇಡ. ಜರ್ಮನಿಯಲ್ಲಿ ಐದು ಜನ ಕಾಯಂ ನೌಕರರಿದ್ದರೂ ಕಾರ್ಮಿಕರ ಮಂಡಳಿ ಆರಿಸಿಕೊಳ್ಳುವ ಹಕ್ಕು ಕಾನೂನಿನಲ್ಲೇ ಇದೆ. ಮಂಡಳಿಯ ಕೆಲಸಕ್ಕೆ ಕಳೆದ ಸಮಯಕ್ಕೆ ಸಂಬಳ ಕಡಿಯುವಂತಿಲ್ಲ. ಸದಸ್ಯರನ್ನು ಸುಲಭವಾಗಿ ಕೆಲಸದಿಂದ ತೆಗೆಯಲು ಬರುವುದಿಲ್ಲ. ನಿಮ್ಮ ಜಾಗದಲ್ಲಿ ಅಂಥ ಕಾನೂನು ಇಲ್ಲದಿದ್ದರೂ ಈ ಎರಡು ಭರವಸೆಗಳನ್ನು ಬರೆದುಕೊಡಿ. ಎದುರು ಮಾತಾಡಿದ್ದಕ್ಕೆ ಒಬ್ಬರಿಗೆ ವರ್ಗಾವಣೆಯಾದರೂ ಆ ಸಮಿತಿ ಅಲ್ಲಿಗೆ ಮುಗಿಯಿತು. ಯೂನಿಯನ್ ಇದ್ದರೆ ಅದನ್ನು ಪಕ್ಕಕ್ಕೆ ತಳ್ಳಲು ಸಮಿತಿ ಮಾಡಬೇಡಿ, ಅವರ ಜೊತೆ ಕೂತೇ ರೂಪಿಸಿ.

ಪ್ರತಿ ಸಭೆಯೂ ಹೋದ ಸಲದ ಹಾಳೆ ಓದುವುದರಿಂದ ಶುರುವಾಗಲಿ. ಏನು ಹೇಳಿದ್ದೆವು, ಏನು ಮಾಡಿದೆವು, ಏನು ಬಾಕಿ ಇದೆ. ಅದು ಮುಗಿಯುವವರೆಗೆ ಹೊಸ ವಿಷಯ ಎತ್ತಬೇಡಿ.