ನಮ್ಮ ಕಡೆ ಮದಿವಿ ಮಾಡೋರಿಗೆ: ಸ್ಟೇಜಿನ ರೊಕ್ಕ ಸ್ವಲ್ಪ ಮಗ್ಗಕ್ಕ, ಸ್ವಲ್ಪ ತಾಟಿಗೆ

ಈಗ ನಮ್ಮ ಬೆಳಗಾವಿ, ಬಾಗಲಕೋಟಿ, ವಿಜಾಪುರ ಕಡೆ ಯಾವ ಮದಿವಿಗೆ ಹೋದ್ರೂ ಸ್ಟೇಜ್ ಒಂದ ನಮೂನಿ ಇರ್ತೈತಿ, ಹಿಂದ ಬಿಳಿ ಪ್ಲಾಸ್ಟಿಕ್ ಹೂವಿನ ಗೋಡಿ, ಬಾಜೂಕ ಎಲ್‌ಇಡಿ ಸ್ಕ್ರೀನು, ಮದುಮಕ್ಕಳು ಬರೂಮುಂದ ಹೊಗಿ ಬಿಡೂ ಮಷೀನು, ಫೋಟೊ ನೋಡಿದ್ರ ಅದು ಬೆಳಗಾವಿನೋ ಪುಣೆನೋ ಹೈದ್ರಾಬಾದೋ ಯಾರಿಗೂ ಗೊತ್ತಾಗಂಗಿಲ್ಲ. ನಾಕು ತಾಸಿಗೆ ಹಚ್ಚಿ ಬಿಚ್ಚಿ ಒಯ್ಯೂ ಆ ಡೆಕೋರೇಶನ್ನಿಗೆ ಲಕ್ಷಗಟ್ಟಲೆ ಎಣಿಸ್ತೀವಿ, ಅದ ಮನಿಯವರು ಇಳಕಲ್ಲ ನೇಕಾರನ ಮುಂದ ಕೂತು ನೂರು ರೂಪಾಯಿಗೆ ಚೌಕಾಶಿ ಮಾಡ್ತೀವಿ. ಇಳಕಲ್ಲ, ಗುಳೇದಗುಡ್ಡ, ಅಮೀನಗಡ, ಮಹಾಲಿಂಗಪುರ, ರಬಕವಿ-ಬನಹಟ್ಟಿ ಇಷ್ಟೂ ಒಂದ ಬಾಗಲಕೋಟಿ ಜಿಲ್ಲಾದಾಗ ಅದಾವ್ರಿ, ಮದಿವಿಗೆ ಬೇಕಾದ ಸೀರಿ, ಕುಪ್ಪಸದ ಖಣ, ಕರದಂಟು, ಬೆಲ್ಲ, ಟವೆಲ್ ಎಲ್ಲಾ ಅಲ್ಲೇ ಸಿಗ್ತಾವ. ಸ್ಟೇಜಿನ ಬಜೆಟ್ಟಿನಾಗ ಅರ್ಧ ತಗದು ಉಡೂ ಉಣ್ಣೂ ಕಡೆ ಹಾಕಿದ್ರ ಮದಿವಿ ತಾನ ನಮ್ಮೂರಿಂದು ಅನಸ್ತೈತಿ, ಬ್ಯಾರೆ ಥೀಮ್ ಏನೂ ಬೇಕಾಗಂಗಿಲ್ಲ.

ಮೊದಲ ತಾರೀಕಿನ ಮಾತು. ಸ್ವಾಮಿಗಳು ಮುಹೂರ್ತ ತಗದು ಕೊಟ್ರು ಅಂತ ಹಂಗ ಹಾಲ್ ಬುಕ್ ಮಾಡಬ್ಯಾಡ್ರಿ, ಎರಡು ಮೂರು ಮುಹೂರ್ತ ಕೇಳಿ ಇಟ್ಕೋರಿ. ಯುಗಾದಿ ಆದಮ್ಯಾಲೆ ವಿಜಾಪುರ, ಬಾಗಲಕೋಟ್ಯಾಗ ಬಿಸಲು 40 ಡಿಗ್ರಿ ದಾಟ್ತೈತಿ, ಮಧ್ಯಾಹ್ನ ಹನ್ನೆರಡೂವರಿ ಮುಹೂರ್ತ ಇಟ್ರ ಅಕ್ಕಿಕಾಳು ಹಾಕೂದರೊಳಗ ಮುದುಕ್ರು ಬಸವಳದು ಕೂತಿರ್ತಾರ, ಅದಕ್ಕ ಏಪ್ರಿಲ್ ಮೇದಾಗ ಮಾಡೂದಿದ್ರ ಮುಂಜಾನಿ ಲಗೂನ ಇಲ್ಲಾ ಗೋಧೂಳಿ ಹೊತ್ತಿಗೆ ಹಿಡೀರಿ. 2026ರಾಗ ಮೇ 17ರಿಂದ ಜೂನ್ 15ರ ತನಕ ಅಧಿಕ ಜ್ಯೇಷ್ಠ, ಅಧಿಕ ಮಾಸದಾಗ ಲಗ್ನ ಇಡಂಗಿಲ್ಲ, ಅಂದ್ರ ಬ್ಯಾಸಗಿ ಲಗ್ನ ಎಲ್ಲಾ ಅದರ ಮುಂಚೆನ ಒತ್ತಿ ಬರ್ತಾವ, ಅಡಗಿಯವರು ಬ್ಯಾಂಡಿನವರು ಒಬ್ರೂ ಸಿಗಂಗಿಲ್ಲ.

ತುಳಸಿ ಲಗ್ನ ಆದಮ್ಯಾಲಿನ ಚಳಿಗಾಲ ಛಲೋ, ಆದ್ರ ಅಲ್ಲೂ ಒಂದೆರಡು ತೊಡಕು ಅದಾವ. ಡಿಸೆಂಬರದಾಗ ಬೆಳಗಾವಿ ಸುವರ್ಣ ವಿಧಾನಸೌಧದಾಗ ಅಧಿವೇಶನ ನಡದ್ರ ಊರಾಗಿನ ಲಾಡ್ಜ್, ಹೊಟೇಲ್ ರೂಮು ಎಲ್ಲಾ ಮಂತ್ರಿ, ಅಧಿಕಾರಿ, ಪೊಲೀಸರಿಗೇ ಹೋಗ್ತಾವ, ಬೀಗರನ್ನ ಎಲ್ಲಿ ಇಳಿಸ್ತೀರಿ? ಅದ ಹೊತ್ತಿಗೆ ಕಬ್ಬಿನ ಸೀಜನ್ನೂ ಇರ್ತೈತಿ, ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹಿಂದ ಬೀಗರ ಬಸ್ ಸಿಕ್ಕೊಂಡ್ರ ಮುಹೂರ್ತ ತಪ್ಪಿದಂಗ ಅಂತ ತಿಳೀರಿ, ದಾರಿ ಲೆಕ್ಕದಾಗ ಒಂದು ತಾಸು ಜಾಸ್ತಿ ಇಟ್ಕೋರಿ. ಜನೇವರಿದಾಗ ಸಂಕ್ರಮಣದ ಸುತ್ತ ವಿಜಾಪುರದ ಸಿದ್ದೇಶ್ವರ ಜಾತ್ರಿ, ಬನದ ಹುಣ್ಣಿಮಿಗೆ ಬಾದಾಮಿ ಕಡೆ ಬನಶಂಕರಿ ಜಾತ್ರಿ, ಆ ದಿನಗಳಾಗ ಆ ಊರಾಗ ಮದಿವಿ ಇಟ್ಟು ಪಾರ್ಕಿಂಗ್ ಇಲ್ಲ ಅಂತ ಅಳಬ್ಯಾಡ್ರಿ.

ಜಾಗದ ವಿಷಯ. ಮಂಗಲ ಕಾರ್ಯಾಲಯ ನೋಡಾಕ ಹೋದಾಗ ಎಲ್ಲಾರೂ ಸ್ಟೇಜ್ ನೋಡ್ತಾರ, ನೀವು ಮೊದಲ ಅಡಗಿ ಮನಿ, ನೀರಿನ ಟಾಕಿ, ಸಂಡಾಸ, ಜನರೇಟರ್ ನೋಡ್ರಿ. ಬ್ಯಾಸಗ್ಯಾಗ ಟ್ಯಾಂಕರ್ ನೀರಿನ ಖರ್ಚು ಯಾರ್ದು, ಹೊರಗಿನ ಅಡಗಿಯವರನ್ನ ಬಿಡ್ತಾರೋ ಇಲ್ಲೋ, ಹಿಂದಿನ ದಿನ ಎಷ್ಟ ಗಂಟೆಗೆ ಕೀಲಿ ಕೊಡ್ತಾರ, ಕ್ಲೀನಿಂಗ್ ಚಾರ್ಜು ಬ್ಯಾರೆನೋ ಅದರಾಗ ಬಂತೋ, ಇದನ್ನೆಲ್ಲಾ ಅಡ್ವಾನ್ಸ್ ಪಾವತಿ ಚೀಟಿ ಮ್ಯಾಲೇ ಬರಸ್ಕೋರಿ, ಬಾಯಿಮಾತು ಮದಿವಿ ದಿನ ಮರತಹೋಗ್ತೈತಿ. ಸ್ವಂತ ಹೊಲ ಇದ್ದವರು, ರಸ್ತೆ ಹತ್ತಿರ ಇದ್ದವರು, ಹೊಲದಾಗ ಹಂದರ ಹಾಕೂದು ಈಗಿನ ಕಾಲದಾಗೂ ಭಾಳ ಛಂದ ಕಾಣ್ತೈತಿ, ಆದ್ರ ಮಳಿಗಾಲ ಮುಗದು ನೆಲ ಒಣಗಿರಬೇಕು, ಎರಿ ಮಣ್ಣಿನ ಹೊಲದಾಗ ಒಂದು ಮಳಿ ಬಿದ್ರ ಸಾಕು ಕಾರು ಎತ್ತಾಕ ಟ್ರ್ಯಾಕ್ಟರ್ ಕರೀಬೇಕಾಗ್ತೈತಿ.

ಪಟ್ಟದಕಲ್ಲು, ಐಹೊಳಿ, ಬಾದಾಮಿ ಗವಿ, ಗೋಳಗುಮ್ಮಟ ಇವುಗಳ ಮುಂದ ಮದಿವಿ ಮಾಡ್ತೀವಿ ಅಂತ ಯಾರಾದ್ರೂ ಇವೆಂಟಿನವರು ಆಸೆ ತೋರಿಸಿದ್ರ ನಂಬಬ್ಯಾಡ್ರಿ, ಅವು ಪುರಾತತ್ವ ಇಲಾಖೆದವು, ಮಂಟಪ ಹಾಕಾಕ ಬಿಡಂಗಿಲ್ಲ, ಪ್ರಿ-ವೆಡ್ಡಿಂಗ್ ಶೂಟಿಗೆ ಸ್ಟ್ಯಾಂಡು, ಲೈಟು, ಡ್ರೋನ್ ತಗೊಂಡ ಹೋಗೂದಿದ್ರೂ ಮೊದಲ ಪರವಾನಗಿ ತಗೋಬೇಕು. ಬಾದಾಮಿಯೊಳಗ ಅಗಸ್ತ್ಯ ತೀರ್ಥದ ದಂಡಿಮ್ಯಾಲೆ ಸಂಜಿ ಬಿಸಲಿಗೆ ಆ ಕೆಂಪ ಬಂಡಿಗಲ್ಲು ಫೋಟೊದಾಗ ಮಸ್ತ್ ಬರ್ತೈತಿ. ಗೋಕಾಕ ಫಾಲ್ಸ್ ಅಂದ್ರ ಮಳಿಗಾಲದಾಗ ಅಷ್ಟ, ಬ್ಯಾಸಗ್ಯಾಗ ಹೋದ್ರ ಬರೀ ಕಲ್ಲು. ಇನ್ನ ಸರಳ ಮಾಡೂದು ಅನ್ನೂವರು ವಚನ ಮಾಂಗಲ್ಯದ ಪದ್ಧತಿ ವಿಚಾರ ಮಾಡ್ರಿ, ವಚನ ಹೇಳಿ ಮಾಲಿ ಹಾಕಿ ಮುಗಸ್ತಾರ, ಉಳದ ರೊಕ್ಕ ಊಟಕ್ಕ.

ಹಂದರಕ್ಕ ಪ್ಲಾಸ್ಟಿಕ್ ಹೂ ಬ್ಯಾಡ. ಹಾಲಗಂಬ ನಿಂದ್ರಿಸಿ ತೆಂಗಿನ ಗರಿ, ಮಾವಿನ ತೋರಣ, ಬಾಳಿಕಂಬ, ಕಬ್ಬು, ತೆನಿ ಸಹಿತ ಜೋಳದ ದಂಟು, ಚೆಂಡುಹೂವಿನ ಮಾಲಿ, ಇಷ್ಟ ಸಾಕು. ಸ್ಟೇಜಿನ ಹಿಂದಿನ ಗೋಡಿಗೆ ಕೌದಿ ಹಾಕ್ರಿ! ಅಜ್ಜಿ ಹೊಲಿದ ಹಳಿ ಕೌದಿ ನಾಕೈದು ಒಗದು ಇಸ್ತ್ರಿ ಮಾಡಿ ಜೋಡಿಸಿ ಕಟ್ಟಿದ್ರ ಆ ಬಣ್ಣ ಯಾವ ಡೆಕೋರೇಟರ್ ಕೈಲೂ ಬರಂಗಿಲ್ಲ, ಮತ್ತ ಮನಿಯವರ ಹಳಿ ಸೀರಿ, ಧೋತರದ ತುಣುಕು ಅದರಾಗ ಇರ್ತಾವ, ಮುದುಕ್ಯಾರು ಬಂದು ಇದು ನಂದು ಅದು ನಿಮ್ಮ ಕಾಕೂದು ಅಂತ ತೋರಿಸ್ಕೋತ ನಿಂದರ್ತಾರ.

ಸುರಗಿ ಸುತ್ತೂದನ್ನ ಮಾತ್ರ ಸ್ಟೇಜ್ ಮ್ಯಾಲೆ ಮಾಡಬ್ಯಾಡ್ರಿ. ನಾಕೂ ಮೂಲಿಗೆ ನಾಕು ತಾಮ್ರದ ಇಲ್ಲಾ ಹಿತ್ತಾಳಿ ತಂಬಿಗಿ, ಸುತ್ತ ನೂಲು ಎಳದು, ನಡುವ ಮದುಮಕ್ಕಳನ್ನ ಕುಂದ್ರಿಸಿ ಅರಿಷಿಣ ಹಚ್ಚಿ ನೀರು ಹಾಕ್ತಾರ, ಆ ನೀರು ಹರದು ಹೋಗಾಕ ಜಾಗ ಬೇಕು, ಕಾರ್ಪೆಟ್ ಮ್ಯಾಲೆ ಮಾಡಿದ್ರ ಸಂಜಿತನ ಎಲ್ಲಾರೂ ಜಾರ್ತಾರ. ಹಿಂದಿನ ಅಂಗಳ, ಇಲ್ಲಾ ಮನಿ ಮುಂದ ಮಾಡ್ರಿ. ಫೋಟೊಗ್ರಾಫರ್ ಊರ ಹೊರಗಿನವನಾಗಿದ್ರ ಹಿಂದಿನ ದಿನ ಕುಂದ್ರಿಸಿ ಸುರಗಿ, ದೇವರ ಕಾರ್ಯ, ಬಾಸಿಂಗ ಕಟ್ಟೂದು, ಅಕ್ಕಿಕಾಳು, ಉಡಿ ತುಂಬೂದು ಯಾವುದಾದಮ್ಯಾಲೆ ಯಾವುದು ಅಂತ ಹೇಳ್ರಿ, ಇಲ್ಲಾಂದ್ರ ಅವ ಆ ಹೊತ್ತಿನಾಗ ನಾಷ್ಟಾ ಮಾಡಾಕ ಹೋಗಿರ್ತಾನ.

ಈಗ ಸೀರಿ. ಇಳಕಲ್ ಸೀರಿ ಅಂತ ಅಂಗಡ್ಯಾಗ ತೋರಿಸಿದ್ದೆಲ್ಲಾ ಕೈಮಗ್ಗದ್ದಲ್ರಿ, ಪವರ್‌ಲೂಮಿಂದು ಭಾಳ ಬಂದಾವ, ಅಗ್ಗ ಇರ್ತಾವ, ದಿನಾ ಉಡಾಕ ತಪ್ಪೇನಿಲ್ಲ. ಮದುಮಗಳಿಗೆ ತಗೊಳ್ಳೂಮುಂದ ಮಾತ್ರ ಸೆರಗು ಮೈ ಕೂಡೂ ಜಾಗ ತಿರುವಿ ನೋಡ್ರಿ. ಕೈಮಗ್ಗದಾಗ ಮೈಯ ಹಾಸಿನ ಎಳಿ ಬ್ಯಾರೆ, ಸೆರಗಿನ ರೇಷ್ಮಿ ಎಳಿ ಬ್ಯಾರೆ, ಎರಡನ್ನೂ ಒಂದೊಂದ ಎಳಿ ಕೊಂಡಿ ಹಾಕಿ ಕೂಡಿಸಿರ್ತಾರ, ಕೂಡಿದ ಕಡೆ ಬಟ್ಟಿಗೆ ಅಡ್ಡಲಾಗಿ ಸಣ್ಣ ಗೆರಿ ಕೈಗೆ ತಾಗ್ತೈತಿ. ಕೆಂಪ ಸೆರಗಿನ ಮ್ಯಾಲೆ ಬಿಳಿ ತೋಪ ತೆನಿ ಚಿತ್ರ ಇಳಕಲ್ ಸೀರಿ ಗುರುತು. ಕಸೂತಿನೂ ಹಂಗ, ಗವಂತಿ ಹೊಲಿಗಿ ಇದ್ರ ಸೀರಿ ಹಿಂದ ತಿರುವಿದಾಗ ಮುಂದಿನ ಚಿತ್ರನ ಹಿಂದೂ ಕಾಣಬೇಕು, ಗಂಟು ಕಾಣಬಾರದು, ಮಷೀನಿಂದಾದ್ರ ಹಿಂದ ದಾರ ಜೋತಾಡ್ತಿರ್ತಾವ. ತೇರು, ಆನಿ, ನವಿಲು, ಗೋಪುರ, ತುಳಸಿ ಕಟ್ಟಿ ಇವು ಹಳೆ ಚಿತ್ರ. ಮೊದಲ ನಮ್ಮ ಕಡೆ ಮದುಮಗಳಿಗೆ ಕಸೂತಿ ಹಾಕಿದ ಚಂದ್ರಕಾಳಿ ಸೀರಿ ಕೊಡೂ ರೂಢಿ ಇತ್ತು, ಈಗ ಕರೇದು ಅಂದಕೂಡ್ಲೆ ಅತ್ತಿ ಮನಿಯವರು ಮುಖ ಗಂಟ ಹಾಕ್ತಾರ, ನನಗಂತೂ ಅದಕ್ಕಿಂತ ಛಂದ ಸೀರಿ ಇಲ್ಲ ಅನಸ್ತೈತಿ, ಮುಹೂರ್ತಕ್ಕ ಬ್ಯಾಡಂದ್ರ ಆರತಕ್ಷತೆಗೆ ಉಡಸ್ರಿ. ಕೈಕಸೂತಿ ತುಂಬಿದ ಸೀರಿಗೆ ತಿಂಗಳುಗಟ್ಟಲೆ ಹಿಡೀತೈತಿ, ಅದಕ್ಕ ನಿಶ್ಚಯ ಆದ ವಾರನ ಆರ್ಡರ್ ಕೊಡ್ರಿ.

ಕುಪ್ಪಸಕ್ಕ ಗುಳೇದಗುಡ್ಡದ ಖಣ ಬಿಟ್ಟು ಬ್ಯಾರೆ ವಿಚಾರನ ಬ್ಯಾಡ. ಈಗ ಅದರಾಗ ಹುಡುಗ್ಯಾರಿಗೆ ಲಂಗಾ, ಹುಡುಗೋರಿಗೆ ಜಾಕೀಟು, ಪರ್ಸು ಎಲ್ಲಾ ಹೊಲೀತಾರ, ಮದುಮಗನ ತಮ್ಮಂದ್ರಿಗೆಲ್ಲಾ ಬಿಳಿ ನೆಹರು ಅಂಗಿ ಮ್ಯಾಲೆ ಖಣದ ಜಾಕೀಟು ಹಾಕಿಸಿದ್ರ ಬಾಡಿಗಿ ಶೇರವಾನಿಗಿಂತ ಖರ್ಚೂ ಕಡಿಮಿ, ಮುಂದ ಹಬ್ಬಕ್ಕೂ ಬರ್ತೈತಿ. ಮದುಮಗಗ ಧೋತರ, ಪಟಕ. ಮೇ ತಿಂಗಳದಾಗ ವೆಲ್ವೆಟ್ ಸೂಟು ಹಾಕ್ಸಿ ಆ ಹುಡುಗನ್ನ ಯಾಕ ಬೇಯಸ್ತೀರಿ?

ಊಟಕ್ಕ ಬರೂಣ, ಮಂದಿ ನೆನಪ ಇಡೂದು ಇದನ್ನ. ಪನೀರ್, ಮಂಚೂರಿ, ಲೈವ್ ಪಾಸ್ತಾ ಕೌಂಟರ್ ಎಲ್ಲಾ ಕೇಟರಿಂಗಿನವರು ಪಟ್ಟಿ ತುಂಬಸಾಕ ಹೇಳ್ತಾರ. ಖಡಕ್ ಜೋಳದ ರೊಟ್ಟಿ, ಎಣ್ಣಿಗಾಯಿ ಬದನಿಕಾಯಿ, ಮಡಕಿಕಾಳ ಪಲ್ಯೆ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಹಿಂಡಿ, ಕೆಂಪ ಖಾರ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ ಇಟ್ಟು ನೋಡ್ರಿ, ಬೆಂಗಳೂರಿಂದ ಬಂದವರು ಮೊದಲ ಆ ಕಡೆನ ಹೋಗ್ತಾರ. ಖಡಕ್ ರೊಟ್ಟಿದು ಅನುಕೂಲ ಏನಂದ್ರ ವಾರ ಮೊದಲ ಬಡದು ಇಡಬಹುದು, ಮಹಿಳಾ ಸಂಘದವರು, ರೊಟ್ಟಿ ಮಾಡೂ ಹೆಣ್ಮಕ್ಕಳು ಆರ್ಡರ್ ತಗೋತಾರ, 500 ಮಂದಿ ಊಟ ಅಂದ್ರ ತಲಿಗೆ ಎರಡರಂಗ ಸಾವಿರ ಹಿಡದು ಮ್ಯಾಲೆ ಒಂದು ನೂರು ಹೇಳ್ರಿ, ಮುರದು ಪುಡಿ ಆಗೂವು ಇದ್ದ ಇರ್ತಾವ. ಒಣ ಬುಟ್ಟ್ಯಾಗ ಅರಬಿ ಮುಚ್ಚಿ ಇಡ್ರಿ, ಅನ್ನದ ಡಬರಿ ಬಾಜೂಕ ಇಟ್ರ ಹಬಿಗೆ ಮೆತ್ತಗಾಗ್ತಾವ.

ಸಿಹಿಗೆ ಹೋಳಿಗಿನ ಬೇಕು ಅಂತ ಹಟ ಹಿಡೀಬ್ಯಾಡ್ರಿ, ಸಾವಿರ ಮಂದಿಗೆ ಬಿಸಿ ಹೋಳಿಗಿ ಕೊಡೂದು ಸಣ್ಣ ಮಾತಲ್ಲ, ತಣ್ಣಗಾಗಿದ್ದು ತಿಂದವರು ಹೆಸರ ಇಡ್ತಾರ. ಗೋದಿ ಹುಗ್ಗಿ ಮಾಡಸ್ರಿ. ಕುಟ್ಟಿದ ಗೋದಿ ಹಿಂದಿನ ರಾತ್ರಿ ನೆನಿಹಾಕಿ, ದೊಡ್ಡ ಕೊಪ್ಪರಿಗ್ಯಾಗ ಮೆತ್ತಗ ಕುದಿಸಿ, ಮಹಾಲಿಂಗಪುರದ ಬೆಲ್ಲ, ಒಣ ಕೊಬ್ರಿ, ಗಸಗಸಿ, ಯಾಲಕ್ಕಿ, ಸುಂಠಿ ಹಾಕ್ತಾರ, ಎಷ್ಟ ಮಂದಿ ಜಾಸ್ತಿ ಬಂದ್ರೂ ತಡೀತೈತಿ, ಬಡಸೂಮುಂದ ಮ್ಯಾಲೆ ಕಾಸಿದ ತುಪ್ಪ ಒಂದು ಚಮಚಾ. ಹೋಳಿಗಿ ಬಿಡಾಕ ಆಗಂಗಿಲ್ಲಂದ್ರ ಮನಿ ಮಂದಿ ಅಷ್ಟ ಇರೂ ದೇವರ ಕಾರ್ಯದ ದಿನ ಮಾಡ್ರಿ, ಅವತ್ತ ಕಟ್ಟಿನ ಸಾರೂ ಆಗ್ತೈತಿ. ಮತ್ತ ಸಾಧ್ಯ ಆದಷ್ಟು ಪಂಕ್ತಿ ಕುಂದ್ರಿಸ್ರಿ, ಬಫೆದಾಗ ವಯಸ್ಸಾದವರು ತಾಟ ಹಿಡಕೊಂಡು ಕುರ್ಚಿ ಹುಡುಕೂದು ನೋಡಾಕ ಆಗಂಗಿಲ್ಲ. ಬಾಗಲದಾಗ ವೆಲ್‌ಕಮ್ ಡ್ರಿಂಕ್ ಅಂತ ಬಣ್ಣದ ನೀರು ಕೊಡೂ ಬದ್ಲಿ ಮಸಾಲಿ ಮಜ್ಜಿಗಿ ಕೊಡ್ರಿ.

ಬಾಜಾ ಬಜಂತ್ರಿ ಬಗ್ಗೆ ಜಾಸ್ತಿ ಹೇಳೂದಿಲ್ಲ. ಮೆರವಣಿಗಿಗೆ ಕರಡಿ ಮಜಲು, ಮುಹೂರ್ತಕ್ಕ ಸನಾದಿ, ಇವೆರಡು ಇದ್ರ ಮಂಟಪ ತುಂಬ್ತೈತಿ. ಡಿಜೆ ಬೇಕ ಬೇಕು ಅಂತ ಹುಡುಗ್ರು ಕೂತ್ರ ರಾತ್ರಿ 10ಕ್ಕ ಬಂದ್, ಅದು ಕಾನೂನು, ಪೊಲೀಸ್ರು ಬಂದಾಗ ಬೀಗರ ಮುಂದ ವಾದ ಬ್ಯಾಡ. ಅರಿಷಿಣದ ದಿನ ಓಣಿ ಹೆಣ್ಮಕ್ಕಳನ್ನ ಕರದು ಸೋಬಾನ ಪದ ಹಾಡಸ್ರಿ, ಫೋನಿನಾಗ ಅಲ್ಲ, ಒಂದು ಛಲೋ ಮೈಕಿನಾಗ ರೆಕಾರ್ಡ್ ಮಾಡಿ ಇಟ್ಕೋರಿ.

ಆಯೇರು, ರಿಟರ್ನ್ ಗಿಫ್ಟ್. ಎಲ್ಲಾರ ಮನಿ ಟ್ರಂಕಿನಾಗೂ ಯಾರೂ ಹೊಲಿಸದ ಬ್ಲೌಸ್ ಪೀಸ್ ಅದಾವ, ನಾವು ಅವರಿಗೆ ಕೊಟ್ಟದ್ದು ಮೂರು ಮದಿವಿ ಸುತ್ತಿ ತಿರುಗಿ ನಮಗ ಬರ್ತಾವ, ಅಂಥಾವು ಐವತ್ತು ಕೊಡೂ ಬದ್ಲಿ ಹತ್ತಿರದವರಿಗೆ ಖರೇ ಗುಳೇದಗುಡ್ಡದ ಖಣ ಕೊಡ್ರಿ, ಉಳದವರಿಗೆ ಬಾಯಿಗೆ ಏನಾದ್ರೂ. ಅಲ್ಲಿ ನೋಡಬೇಕಾದ್ದು ಎಷ್ಟ ದಿನ ತಡೀತೈತಿ ಅನ್ನೂದು. ಬೆಳಗಾವಿ ಕುಂದಾ ರುಚಿಗೆ ಸಾಟಿ ಇಲ್ಲ, ಆದ್ರ ಹಾಲಿಂದು, ಬಿಸಲಾಗ ಹನ್ನೆರಡು ತಾಸು ಬಸ್ಸಿನಾಗ ಹೋಗೂವರಿಗೆ ಕೊಡಬ್ಯಾಡ್ರಿ, ಚಳಿಗಾಲದಾಗ, ಊರಾಗಿನವರಿಗೆ ಕೊಡ್ರಿ. ಗೋಕಾಕ ಇಲ್ಲಾ ಅಮೀನಗಡದ ಕರದಂಟು ವಾರಗಟ್ಟಲೆ ಏನೂ ಆಗಂಗಿಲ್ಲ, ದೂರದವರಿಗೆ ಅದ ಬೆಸ್ಟ್. ವಿಜಾಪುರದವರು ಒಣದ್ರಾಕ್ಷಿ ಸಣ್ಣ ಖಣದ ಚೀಲದಾಗ ಹಾಕಿ ಕೊಡಬಹುದು, ಇಂಡಿ ಕಡೆಯವರಾದ್ರ ಲಿಂಬಿ ಉಪ್ಪಿನಕಾಯಿ ಬಾಟ್ಲಿ. ಬೆಳಗಾವಿ ಮಂದಿ ಬೀಗರಿಗೆ ತೆಳ್ಳನ ಸಿಹಿ ಮಾಂಡೆ ಕೊಡೂ ರೂಢಿ ಬಿಡಬ್ಯಾಡ್ರಿ, ಆದ್ರ ಅದು ಭಾಳ ನಾಜೂಕು, ಅಗಲ ಡಬ್ಬಿ ಮೊದಲ ತಂದಿಡ್ರಿ, ಮ್ಯಾಲೆ ಏನೂ ಇಡಬ್ಯಾಡ್ರಿ. ತಿನ್ನೂದು ಬ್ಯಾಡ ಅಂದ್ರ ಖಾನಾಪುರದ ಮಣ್ಣಿನ ಹಣತಿ, ಗೋಕಾಕದ ಕಟಗಿಲೆ ಮಾಡಿದ ಹಣ್ಣು, ರಬಕವಿ-ಬನಹಟ್ಟಿ ಟವೆಲ್, ಇವು ಮೂರೂ ಮನ್ಯಾಗ ಉಪಯೋಗಕ್ಕ ಬರ್ತಾವ. ಮದುಮಕ್ಕಳ ಫೋಟೊ ಹಚ್ಚಿದ ಪ್ಲಾಸ್ಟಿಕ್ ಡಬ್ಬಿ ಮಾತ್ರ ಕೊಡಬ್ಯಾಡ್ರಿ, ಒಗೀಲಿಕ್ಕೂ ಆಗಂಗಿಲ್ಲ ಇಡಲಿಕ್ಕೂ ಆಗಂಗಿಲ್ಲ. ಲೆಕ್ಕ ಮಾಡೂಮುಂದ ಬಸ್ ಡ್ರೈವರ್, ಅಡಗಿಯವರು, ಹಂದರದ ಹುಡುಗ್ರು, ಬಾಜಾದವರು, ಇವರನ್ನೂ ಸೇರಿಸ್ರಿ.

ಇನ್ನೊಂದು, ಮದಿವಿ ನೋಂದಣಿ. ವೀಸಾ, ಬ್ಯಾಂಕು ಇಂಥಾ ಕಡೆ ಆ ಸರ್ಟಿಫಿಕೇಟ್ ಕೇಳ್ತಾರ. ಲಗ್ನಪತ್ರಿಕಿ ನಾಕು ಕಾಪಿ, ಅಕ್ಕಿಕಾಳು ಬೀಳೂಮುಂದಿನ ಇಬ್ರೂ ಕಾಣೂ ಫೋಟೊ, ವಯಸ್ಸಿನ ದಾಖಲೆ, ವಿಳಾಸದ ದಾಖಲೆ ಒಂದು ಫೈಲಿನಾಗ ಹಾಕಿ ಕಾಕಾನ ಕೈಯಾಗ ಕೊಡ್ರಿ. ಉಪನೋಂದಣಿ ಕಚೇರಿಗೆ ಮೂರು ಮಂದಿ ಸಾಕ್ಷಿ ಬೇಕಾಗ್ತಾರ, ಬೀಗರು ಇನ್ನೂ ಊರಾಗ ಇರೂವಾಗನ ಆ ಕೆಲಸ ಮುಗಸ್ರಿ, ಎಲ್ಲಾರೂ ತಂತಮ್ಮ ಊರು ಹಿಡದಮ್ಯಾಲೆ ಆ ಮೂವರನ್ನ ಒಂದ ದಿನ ಒಂದ ಕಡೆ ಕೂಡಸೂದು ಮದಿವಿಗಿಂತ ದೊಡ್ಡ ಕೆಲಸ ಆಗ್ತೈತಿ.