ಮಳೆಗಾಲದಲ್ಲಿ ಪಿವಿಎ ಒಣಗಿಸಿದ್ದು

ಗೋವಾದ ವೆರ್ಣಾದಲ್ಲಿ ನಾನು ಫೈಬರ್ ದೋಣಿ ಮಾಡುವ ಕೆಲಸದಲ್ಲಿದ್ದೇನೆ. ದೋಣಿ ಮೋಲ್ಡ್‌ಗೆ, ಅಂದರೆ ಅಚ್ಚಿಗೆ, ಅಂಟಬಾರದು ಅಂತ ವ್ಯಾಕ್ಸ್ ಉಜ್ಜಿ, ಮೇಲೆ ಪಿವಿಎ ಸ್ಪ್ರೇ ಮಾಡುತ್ತೇವೆ. ಪೂರ್ತಿ ಹೆಸರು ಪಾಲಿವಿನೈಲ್ ಆಲ್ಕೋಹಾಲ್. ಒಣಗಿದರೆ ತೆಳುವಾದ ಪೊರೆ. ದೋಣಿಗೆ ಬಳಸುವ ರೆಸಿನ್ ಎಂಬ ದ್ರವದಲ್ಲಿರುವ ಸ್ಟೈರೀನ್ ರಾಸಾಯನಿಕಕ್ಕೆ ಅದು ಕರಗುವುದಿಲ್ಲ, ನೀರಿಗೆ ಕರಗುತ್ತದೆ. ನಮಗೆ ಬೇಕಾದದ್ದು ಇದೇ ಅಲ್ವಾ!

ನಮ್ಮ ಮೇಸ್ತ್ರಿ ಬೆಟಗೇರಿಯವರು, ನೇಕಾರರ ಮನೆತನ. "ತಮ್ಮಾ, ಮಗ್ಗದ ನೂಲಿಗೆ ಗಂಜಿ ಹಾಕ್ತಾರಲ್ಲ, ಇದೂ ಅದೇ ಬಳಗದ್ದು" ಅಂದಿದ್ದರು. ನಿಜ. ಪವರ್‌ಲೂಮ್‌ಗಳಲ್ಲಿ ನೂಲು ಹರಿಯದಿರಲಿ ಅಂತ ಪಿವಿಎ ಗಂಜಿ ಕೊಡುತ್ತಾರೆ. ಕಾಗದದ ಲೇಪನಕ್ಕೆ, ಅಂಟಿಗೂ ಬೇಕು.

ಒಮ್ಮೆ ಡೀಲರ್ ಬೇರೆ ಗ್ರೇಡ್ ಕಳಿಸಿಬಿಟ್ಟ. ಬೆಳಿಗ್ಗೆಯಿಂದ ಕಲಕಿದರೂ ಕಾಳು ನೆನೆದ ಸಾಬೂದಾಣಿಯಂತೆ ಉಬ್ಬಿತೇ ಹೊರತು ಕರಗಲಿಲ್ಲ. ಚೀಲ ನೋಡಿದರೆ ಶೇಕಡಾ 98–99. ನಮಗೆ ಬೇಕಿದ್ದದ್ದು 87–89. ಪಾಲಿವಿನೈಲ್ ಅಸಿಟೇಟ್‌ನಿಂದ ಅಸಿಟೇಟ್ ಭಾಗ ಎಷ್ಟು ತೆಗೆದಿದ್ದಾರೆ ಅನ್ನುವ ಲೆಕ್ಕ ಅದು. ಪೂರಾ ತೆಗೆದರೆ ಸರಪಳಿಗಳು ಒತ್ತೊತ್ತಾಗಿ ಕೂರುತ್ತವೆ, 90 ಡಿಗ್ರಿ ದಾಟಿಸಿ ಕಾಯಿಸದೆ ಕರಗುವುದಿಲ್ಲ. ಸ್ವಲ್ಪ ಉಳಿಸಿದರೆ ನೀರಿಗೆ ಒಳಗೆ ಹೋಗಲು ಸಂದು ಇರುತ್ತದೆ. ಯಾವ ಗ್ರೇಡ್ ಆದರೂ ಪುಡಿಯನ್ನು ತಣ್ಣೀರಿಗೆ ಉದುರಿಸಿ, ಕಲಕುತ್ತಾ ಆಮೇಲೆ ಕಾಯಿಸಿ. ಸೀದಾ ಬಿಸಿನೀರಿಗೆ ಸುರಿದರೆ ಗಂಟು ಕಟ್ಟುತ್ತದೆ.

ದೊಡ್ಡ ಪಾಠ ಕಲಿತದ್ದು ಜುಲೈನಲ್ಲಿ. ಹೊರಗೆ ಎಡೆಬಿಡದ ಮಳೆ. ಮೋಲ್ಡ್‌ನ ಅಂಚು ಮುಟ್ಟಿ ನೋಡಿದೆ, ಪಿವಿಎ ಒಣಗಿತ್ತು. ದೋಣಿಯ ಹೊರಮೈಯಾಗುವ ರೆಸಿನ್ ಪದರ, ಜೆಲ್‌ಕೋಟ್, ಹೊಡೆದೆ. ದೋಣಿ ಬಿಡಿಸಿದಾಗ ಮೂತಿಯ ಹತ್ತಿರ ಮೈಯೆಲ್ಲ ಆನೆಚರ್ಮದಂತೆ ಸುಕ್ಕು. ಆಳದ ಮೂಲೆಯಲ್ಲಿ ಗಾಳಿ ಆಡಿರಲಿಲ್ಲ, ಪೊರೆಯಲ್ಲಿ ನೀರು ಉಳಿದಿತ್ತು. ಮೂರು ದಿನ ಉಜ್ಜಿ ಸರಿಮಾಡಿದೆ.

ಈಗ ಮೊದಲ ಕೋಟ್ ಮಂಜಿನಷ್ಟೇ ತೆಳು. ಅದು ಒಣಗಿದ ಮೇಲೆ ಎರಡನೆಯದು. ಫ್ಯಾನ್ ಮೋಲ್ಡ್‌ನ ಒಳಕ್ಕೇ ತಿರುಗಿಸುತ್ತೇನೆ. ಅತಿ ಆಳದ ಜಾಗಕ್ಕೆ ಅಂಗೈ ಹಿಂಭಾಗ ಇಟ್ಟು ನೋಡುತ್ತೇನೆ. ತಣ್ಣಗಿದ್ದರೆ ನೀರು ಇನ್ನೂ ಆರುತ್ತಿದೆ ಅಂತ. ಸುಮ್ನೆ ಕಾಯುತ್ತೇನೆ, ಎಷ್ಟೇ ಅವಸರವಿದ್ದರೂ.

ಕಳೆದ ವಾರ ಬಿಡಿಸಿದ ದೋಣಿಗೆ ಮೇಸ್ತ್ರಿ ಒಂದು ಬಕೆಟ್ ನೀರು ಹುಯ್ದರು. ಪೊರೆ ಮೊದಲು ಲೋಳೆಯಾಯಿತು, ಆಮೇಲೆ ಜಾರಿ ಹೋಯಿತು. ಕೆಳಗೆ ಜೆಲ್‌ಕೋಟ್ ಕನ್ನಡಿಯಂತೆ ಹೊಳೆಯುತ್ತಿತ್ತು.