ಕಾರ್ ಕವರ್ ಕೊಳ್ಳುವ ಮೊದಲು ಮರ ನೋಡಿ

ನಮ್ಮದು 30×40 ಸೈಟಿನ ಮನೆ. ಕಟ್ಟಿಸುವಾಗ ಕೆಳಗೆ ಕಾರಿಗೆಂದೇ ಜಾಗ ಬಿಟ್ಟಿದ್ದೆವು. ಮೇಲಿನ ಎರಡು ಮಹಡಿಗೆ ಬಾಡಿಗೆಯವರು ಬಂದರು. ಅವರ ಹಿಂದೆಯೇ ಎರಡು ಸ್ಕೂಟರ್, ಒಂದು ಬುಲೆಟ್, ಮಕ್ಕಳ ಸೈಕಲ್ ಬಂದವು. ಕಾರು ಗೇಟಿನಾಚೆ ಹೋಗಿ ಹೊಂಗೆ ಮರದ ಕೆಳಗೆ ನಿಂತಿತು. ಬೆಂಗಳೂರಿನ ಎಷ್ಟೋ ಅಡ್ಡರಸ್ತೆಗಳ ಕಥೆ ಇದೇ, ಅಲ್ವಾ?

ಮೊದಲ ಸಲ ಕವರ್ ಕೊಂಡಾಗ ನನ್ನ ತಲೆಯಲ್ಲಿ ಇದ್ದದ್ದು ಮಳೆ ಒಂದೇ. ಅಂಗಡಿಯವರು ದಪ್ಪ ಪ್ಲಾಸ್ಟಿಕ್ಕಿನಂಥದ್ದೊಂದನ್ನು ಕೊಡವಿ, "ಸಾರ್, ಒಂದು ಹನಿ ಒಳಗೆ ಹೋಗಲ್ಲ, ಬರೆದು ಕೊಡ್ತೀನಿ" ಅಂದರು. ಅವರು ಸುಳ್ಳು ಹೇಳಿರಲಿಲ್ಲ. ಜುಲೈನಲ್ಲಿ ಅದನ್ನು ಹೊದಿಸಿ ಮೂರು ವಾರ ಊರಿಗೆ ಹೋದೆವು. ಬಂದು ತೆಗೆದು ನೋಡಿದರೆ ಹೊರಗಿನ ನೀರು ಒಳಗೆ ಹೋಗಿರಲಿಲ್ಲ. ಒಳಗಿದ್ದ ತೇವವೂ ಹೊರಗೆ ಹೋಗಿರಲಿಲ್ಲ. ಬಾನೆಟ್ ಮೇಲೆ ಹಾಲು ಚೆಲ್ಲಿ ಒಣಗಿದಂಥ ಬಿಳಿ ಮಚ್ಚೆಗಳು. ಬಾಗಿಲು ತೆಗೆದರೆ ಒದ್ದೆ ಗೋಣಿಚೀಲದ ವಾಸನೆ. ಸೀಟ್ ಬೆಲ್ಟ್ ಮೇಲೆ ಬೂಷ್ಟು.

ಕಾರು ಮಳೆಯಲ್ಲಿ ಓಡಲೆಂದೇ ಮಾಡಿದ ವಸ್ತು. ಮೇಲೆ ಸುರಿದು ಹರಿದುಹೋಗುವ ನೀರಿನಿಂದ ಅದಕ್ಕೆ ತೊಂದರೆಯಿಲ್ಲ. ಹರಿಯದೆ ಕೂತ ತೇವದಿಂದಲೇ ತೊಂದರೆ. ಕವರ್ ಬೇಕಾಗಿರುವುದು ಬಿಸಿಲಿಗೆ, ಹಕ್ಕಿ ಹಿಕ್ಕೆಗೆ, ಮರದ ಅಂಟಿಗೆ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಅಂಗಡಿಯಲ್ಲಿ ನಿಮ್ಮನ್ನು ಯಾರೂ ಯಾಮಾರಿಸಲಾರರು.

ಹಂತ 1: ಕವರ್ ನಿಜವಾಗಿ ಬೇಕಾ?

ದಿನಾ ಬೆಳಿಗ್ಗೆ ಆಫೀಸಿಗೆ, ಸಂಜೆ ಮನೆಗೆ ಓಡುವ ಕಾರಾದರೆ ಬೇಡ ಅನ್ನುವುದೇ ನನ್ನ ಅಭಿಪ್ರಾಯ. ನಮ್ಮ ರಸ್ತೆಗಳಲ್ಲಿ ಒಂದು ಸುತ್ತು ಹೋಗಿಬಂದ ಕಾರಿನ ಮೇಲೆ ದೂಳಿನ ಪದರ ಕೂತಿರುತ್ತದೆ. ಅದರ ಮೇಲೆ ಬಟ್ಟೆ ಎಳೆದರೆ ಉಪ್ಪುಕಾಗದದಿಂದ ಉಜ್ಜಿದ ಹಾಗೆಯೇ. ದಿನಕ್ಕೆ ಎರಡು ಸಲ ಹಾಗೆ ಮಾಡಿದರೆ ಒಂದು ವರ್ಷದಲ್ಲಿ ಪೇಂಟಿನ ಮೇಲೆಲ್ಲ ಜೇಡರ ಬಲೆಯಂಥ ಗೀರು ಕಾಣುತ್ತವೆ. ಇಂಥವರು ಮುಂದಿನ ಗಾಜಿಗೆ ಒಳಗಿನಿಂದ ಒಂದು ಸನ್‌ಶೇಡ್ ಇಟ್ಟುಕೊಂಡು, ವಾರಕ್ಕೊಮ್ಮೆ ತೊಳೆದರೆ ಸಾಕು.

ಮೆಟ್ರೊದಲ್ಲಿ ಓಡಾಡಿ, ಕಾರನ್ನು ಶನಿವಾರ-ಭಾನುವಾರಕ್ಕೆ ಮಾತ್ರ ತೆಗೆಯುವವರಿಗೆ, ಆಗಾಗ ಊರಿಗೆ ಹೋಗುವವರಿಗೆ, ಮಕ್ಕಳು ವಿದೇಶದಲ್ಲಿದ್ದು ಅವರ ಕಾರು ಕಾಯುತ್ತಿರುವ ಅಪ್ಪ-ಅಮ್ಮಂದಿರಿಗೆ ಕವರ್ ಬೇಕೇ ಬೇಕು.

ಹಂತ 2: ಕಾರಿನ ಪಕ್ಕ ನಿಂತು ತಲೆ ಎತ್ತಿ

ಬೇರೆ ಊರಿಗೆ ಬರೆದ ಸಲಹೆಗಳು ಇಲ್ಲಿ ಪೂರ್ತಿ ಒಪ್ಪುವುದಿಲ್ಲ. ನಮ್ಮಲ್ಲಿ ಕಾರಿನ ಮೇಲೆ ಏನು ಬೀಳುತ್ತದೆ ಅನ್ನುವುದನ್ನು ಮರ ತೀರ್ಮಾನಿಸುತ್ತದೆ.

ಹೊಂಗೆಯಾದರೆ ಬೇಸಿಗೆಯಲ್ಲಿ ಪುರಿ ಚೆಲ್ಲಿದಂತೆ ಹೂವು. ಒಣಗಿದ್ದಾಗ ಕೊಡವಿದರೆ ಹೋಯಿತು. ಅದೇ ಹೂವು ಒಂದು ಮಳೆ ಬಿದ್ದು ನೆನೆದು, ವೈಪರ್ ಕೆಳಗಿನ ಸಂದಿಯಲ್ಲಿ ಕೂತರೆ ನೀರು ಹೋಗುವ ದಾರಿ ಕಟ್ಟಿಕೊಳ್ಳುತ್ತದೆ. ಮಾವಾದರೆ ಹೂ ಬಿಡುವ ಕಾಲದಲ್ಲಿ ಜಿಗಿಹುಳುವಿನ ಕಾಟ. ಅವು ಉದುರಿಸುವ ಸಿಹಿ ಅಂಟು ಗಾಜಿನ ಮೇಲೆ ಸಣ್ಣ ಸಣ್ಣ ಚುಕ್ಕಿಯಾಗಿ ಕೂರುತ್ತದೆ, ಆಮೇಲೆ ಅದಕ್ಕೆ ದೂಳು ಹಿಡಿಯುತ್ತದೆ. ಮಳೆಮರದ ಕಾಯಿಯೊಳಗೂ ಬೆಲ್ಲದಂಥ ಅಂಟು ತಿರುಳು ಇರುತ್ತದೆ. ನೇರಳೆ ಮರದ ಕೆಳಗೆ ನಿಲ್ಲಿಸುವವರ ಕಷ್ಟವನ್ನು ನಾನು ಹೇಳಬೇಕಿಲ್ಲ. ಜೂನ್ ಹೊತ್ತಿಗೆ ಬಿಳಿ ಕಾರಿದ್ದವರಿಗೆ ಅಳು ಬರುತ್ತದೆ. ಹಣ್ಣು ಬಿದ್ದರೆ ಒಂದು ಕಲೆ, ಅದನ್ನು ತಿಂದ ಬಾವಲಿ ಮೇಲೆ ಹಾರಿದರೆ ಇನ್ನೊಂದು.

ಹಿಕ್ಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದರಲ್ಲಿ ಯೂರಿಕ್ ಆಮ್ಲ ಇರುತ್ತದೆ. ಬಿಸಿಲಿಗೆ ಪೇಂಟಿನ ಮೇಲಿನ ತೆಳು ಪಾರದರ್ಶಕ ಪದರ ಮೆತ್ತಗಾಗುತ್ತದೆ, ಸಂಜೆ ತಣ್ಣಗಾದಾಗ ಬಿಗಿಯುತ್ತದೆ. ಹಿಕ್ಕೆ ಅಲ್ಲೇ ಒಣಗಿದ್ದರೆ ಅದರ ಅಚ್ಚು ಪೇಂಟಿನಲ್ಲಿ ಉಳಿದುಬಿಡುತ್ತದೆ. ಮತ್ತೆ ಎಷ್ಟು ತೊಳೆದರೂ ಹೋಗುವುದಿಲ್ಲ.

ಮರ ಇಲ್ಲದ ಬಯಲಾದರೆ ನಿಮ್ಮ ಶತ್ರು ಬಿಸಿಲು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಆಸುಪಾಸಿನಲ್ಲಿದೆ. ಗಾಳಿ ತಂಪು ಅನ್ನಿಸುತ್ತದೆ, ಬಿಸಿಲು ಮಾತ್ರ ಚುರುಕು. ಹೆಡ್‌ಲೈಟ್ ಹಳದಿಯಾಗುವುದು, ಡ್ಯಾಶ್‌ಬೋರ್ಡ್ ಬಿರಿಯುವುದು, ಬಂಪರ್‌ನ ಕರಿ ಭಾಗ ಬೂದಿ ಬಣ್ಣಕ್ಕೆ ತಿರುಗುವುದು ಎಲ್ಲ ಇದರಿಂದಲೇ.

ಇನ್ನು ಮೇಲೆ ತೆಂಗಿನ ಮರವೋ ಒಣಕೊಂಬೆಯ ಹಳೇ ಗುಲ್‌ಮೊಹರೋ ಇದ್ದರೆ ಕವರ್ ಆರಿಸಬೇಡಿ, ಜಾಗ ಆರಿಸಿ. ಏಪ್ರಿಲ್-ಮೇ ತಿಂಗಳ ಮೊದಲ ಗಾಳಿಮಳೆಗೆ ಬೀಳುವ ಕೊಂಬೆಯನ್ನು ಯಾವ ಬಟ್ಟೆಯೂ ತಡೆಯುವುದಿಲ್ಲ. ಆಲಿಕಲ್ಲೂ ಅಷ್ಟೇ.

ಹಂತ 3: ಬಟ್ಟೆ ಮುಟ್ಟಿ ನೋಡಿ

ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹತ್ತಾರು ಹೆಸರು ಹೇಳುತ್ತಾರೆ. ಬಿಚ್ಚಿ ನೋಡಿದರೆ ಬಗೆ ಇರುವುದು ಮೂರು-ನಾಲ್ಕೇ.

ಮೊದಲನೆಯದು ಬೆಳ್ಳಿ ಬಣ್ಣದ ಟಫೆಟ. ಪಾಲಿಯೆಸ್ಟರ್ ಬಟ್ಟೆ, ಒಂದು ಬದಿಗೆ ಬೆಳ್ಳಿ ಲೇಪ. ಬೀದಿಯಲ್ಲಿ ಜಾಸ್ತಿ ಕಾಣುವುದು ಇದೇ. ಪ್ಯಾಕೆಟ್ ಮೇಲೆ 190ಟಿ, 210ಟಿ ಅಂತ ಬರೆದಿರುತ್ತಾರೆ. ಅದು ಒಂದು ಇಂಚಿನಲ್ಲಿ ಹಾಸು-ಹೊಕ್ಕು ಸೇರಿ ಎಷ್ಟು ಎಳೆ ಇವೆ ಅನ್ನುವ ಲೆಕ್ಕ. 'ಡಿ' ಅಂತ ಇದ್ದರೆ ಅದು ಎಳೆ ಎಷ್ಟು ದಪ್ಪ ಅನ್ನುವುದರ ಅಳತೆ. ಎರಡೂ ಬೇರೆ ಬೇರೆ, ಒಂದಕ್ಕೊಂದು ಹೋಲಿಸಿ ಜಗಳ ಆಡಬೇಡಿ. ಟಫೆಟ ಹಗುರ, ಮಡಿಸಲು ಸುಲಭ, ಬಿಸಿಲನ್ನು ಚೆನ್ನಾಗಿ ವಾಪಸ್ ಕಳಿಸುತ್ತದೆ. ಒಳಗಡೆ ಮೆತ್ತನೆ ಅಸ್ತರಿ ಇಲ್ಲದ ಟಫೆಟ ಗಾಳಿಗೆ ಪಟಪಟ ಬಡಿದು ಪೇಂಟ್ ಕೆರೆಯುತ್ತದೆ ಅನ್ನುವುದು ಅದರ ದೋಷ.

ಎರಡನೆಯದು ನಾನ್-ವೋವನ್, ಅಂದರೆ ನೇಯದ ಬಟ್ಟೆ. ಮದುವೆ ಮನೆಯಲ್ಲಿ ತಾಂಬೂಲಕ್ಕೆ ಕೊಡುವ ಬಣ್ಣದ ಚೀಲ ನೆನಪಿಸಿಕೊಳ್ಳಿ, ಅದೇ ಜಾತಿ. ಎರಡು-ಮೂರು ಪದರ ಸೇರಿಸಿದ ಒಳ್ಳೆಯದು ಸಿಕ್ಕರೆ ಗಾಳಿಯಾಡುತ್ತದೆ, ಮೆತ್ತಗೂ ಇರುತ್ತದೆ. ಅಗ್ಗದ್ದು ಬಿಸಿಲಿಗೆ ಕೆಲವೇ ತಿಂಗಳಲ್ಲಿ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಇದರಲ್ಲಿ ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಎಂದು ಕೇಳಿ. ಬಿಸಿಲು ತಡೆಯುವ ಯುವಿ ಲೇಪ ಇದೆಯೇ ಅಂತಲೂ ಕೇಳಿ.

ಪ್ಲಾಸ್ಟಿಕ್ ಅಥವಾ ಪಿವಿಸಿ ಕವರ್ ನಮ್ಮ ಹವೆಗೆ ಬೇಡ. ನನ್ನ ಕಥೆ ಹೇಳಿದೆನಲ್ಲ. ಬರೀ ಹತ್ತಿಯದ್ದು ಗ್ಯಾರೇಜಿನೊಳಗೆ ನಿಲ್ಲಿಸುವವರಿಗೆ ಸರಿ. ಹೊರಗೆ ಹಾಕಿದರೆ ನೀರು ಕುಡಿದು ಭಾರವಾಗಿ ಕಾರಿಗೇ ಅಂಟಿಕೊಳ್ಳುತ್ತದೆ.

ನನ್ನ ಆಯ್ಕೆ ಹೀಗಿದೆ: ಮರದ ಕೆಳಗಾದರೆ ಒಳಗೆ ಮೆತ್ತನೆ ಪದರವಿರುವ, ಗಾಳಿಯಾಡುವ ಮೂರು ಪದರದ ಕವರ್. ಬಯಲಾದರೆ ಅಸ್ತರಿ ಇರುವ ಬೆಳ್ಳಿ ಟಫೆಟ. ಪೂರ್ತಿ ವಾಟರ್‌ಪ್ರೂಫ್ ಅನ್ನುವ ಪದ ಕಂಡರೆ ಅನುಮಾನ ಪಡಿ. ನೀರನ್ನು ಸ್ವಲ್ಪ ಹೊತ್ತು ತಡೆದು, ಆವಿಯನ್ನು ಹೊರಗೆ ಬಿಡುವಂಥದ್ದು ಸಾಕು. ನಮ್ಮಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಅಕ್ಟೋಬರ್ ಮುಗಿಯುವವರೆಗೂ ಬಿಟ್ಟು ಬಿಟ್ಟು ಬರುತ್ತದೆ. ಅದು ಮುಗಿಯಿತು ಅನ್ನುವಷ್ಟರಲ್ಲಿ ಡಿಸೆಂಬರ್‌ನ ಇಬ್ಬನಿ. ತೇವ ಹೋಗಲು ದಾರಿ ಇರಲೇಬೇಕು.

ಆವಿ ಹೋಗುತ್ತದೋ ಇಲ್ಲವೋ ಪರೀಕ್ಷಿಸುವುದು ಸುಲಭ. ಅಂಗಡಿಯವರು ಹೇಗೂ ಟೀ ತರಿಸುತ್ತಾರೆ. ಬಿಸಿ ಲೋಟದ ಬಾಯಿಗೆ ಬಟ್ಟೆಯ ಅಂಚು ಮುಚ್ಚಿ, ಅದರ ಮೇಲೆ ತಣ್ಣನೆ ಸ್ಟೀಲ್ ತಟ್ಟೆಯನ್ನೋ ಕನ್ನಡಕವನ್ನೋ ಹಿಡಿಯಿರಿ. ಒಂದೆರಡು ನಿಮಿಷದಲ್ಲಿ ಮಂಜು ಕಟ್ಟಿದರೆ ಆವಿ ದಾಟುತ್ತಿದೆ ಎಂದರ್ಥ. ಆಮೇಲೆ ಅದೇ ಬಟ್ಟೆಯನ್ನು ಬೊಗಸೆಯ ಹಾಗೆ ಹಿಡಿದು ಸ್ವಲ್ಪ ನೀರು ಹಾಕಿ. ತಕ್ಷಣ ಸೋರಿದರೆ ಅದೂ ಬೇಡ. ಕೊನೆಗೆ ಒಳಬದಿಯನ್ನು ಮೊಬೈಲ್ ಪರದೆಯ ಮೇಲಲ್ಲ, ನಿಮ್ಮ ಕೆನ್ನೆಗೆ ಒಮ್ಮೆ ಉಜ್ಜಿ. ಕೆನ್ನೆಗೆ ಚುಚ್ಚಿದ್ದು ಪೇಂಟಿಗೂ ಚುಚ್ಚುತ್ತದೆ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ.

ಹಂತ 4: ಅಳತೆಯಲ್ಲಿ ರಾಜಿ ಬೇಡ

'ಹ್ಯಾಚ್‌ಬ್ಯಾಕ್ ಸೈಜ್' ಅಂತ ಕೊಡುವ ಕವರ್ ನಂಬಬೇಡಿ. ವ್ಯಾಗನ್-ಆರ್ ಮತ್ತು ಸ್ವಿಫ್ಟ್ ಎರಡೂ ಹ್ಯಾಚ್‌ಬ್ಯಾಕೇ. ಆದರೆ ಉದ್ದದಲ್ಲಿ ಸ್ವಿಫ್ಟ್ ದೊಡ್ಡದು, ಎತ್ತರದಲ್ಲಿ ವ್ಯಾಗನ್-ಆರ್. ಒಂದರ ಕವರ್ ಇನ್ನೊಂದಕ್ಕೆ ಹಾಕಿದರೆ ಒಂದು ಕಡೆ ಜೋಲು, ಇನ್ನೊಂದು ಕಡೆ ಮೊಣಕಾಲುದ್ದದ ಪಂಚೆ. ಜೋಲು ಇರುವ ಕಡೆ ಗಾಳಿ ತುಂಬಿ ಬಟ್ಟೆ ಬಡಿಯುತ್ತದೆ, ಗೀರು ಬೀಳುವುದು ಅಲ್ಲೇ. ನಿಮ್ಮ ಕಾರಿನ ಮಾಡೆಲ್ ಮಾತ್ರವಲ್ಲ, ಯಾವ ವರ್ಷದ್ದು ಅನ್ನುವುದನ್ನೂ ಹೇಳಿ ಕೇಳಿ. ಒಂದೇ ಹೆಸರಿನ ಕಾರು ಹೊಸ ತಲೆಮಾರು ಬಂದಾಗ ಅಳತೆ ಬದಲಿಸಿಕೊಂಡಿರುತ್ತದೆ. ಮೇಲೆ ಕ್ಯಾರಿಯರ್ ಹಾಕಿಸಿದ್ದರೆ ಅದನ್ನೂ ಹೇಳಿ.

ಇನ್ನು ನೋಡಬೇಕಾದ ಸಣ್ಣಪುಟ್ಟವು: ಕನ್ನಡಿಗೆ ಜೇಬು, ಆಂಟೆನಾಕ್ಕೆ ಜಾಗ, ಸುತ್ತ ಬಿಗಿ ಎಲಾಸ್ಟಿಕ್, ಹೊಲಿಗೆ ಎರಡು ಸಾಲು. ಕಾರಿನ ಹೊಟ್ಟೆಯ ಕೆಳಗೆ ಹಾದು ಎರಡೂ ಬದಿ ಸೇರುವ ಬಕಲ್ ಪಟ್ಟಿ ಇದ್ದೇ ಇರಬೇಕು. ಪಟ್ಟಿ ಇಲ್ಲದ ಕವರ್ ಮೇ ತಿಂಗಳ ಒಂದು ಗಾಳಿಗೆ ಪಕ್ಕದ ರಸ್ತೆಯ ಮನೆ ಕಾಂಪೌಂಡಿನಲ್ಲಿ ಸಿಗುತ್ತದೆ. ನಮಗೆ ಸಿಕ್ಕಿದ್ದು ಹಾಗೆಯೇ, ಮಲ್ಲಿಗೆ ಬಳ್ಳಿಯ ಮೇಲೆ. ಆ ಮನೆಯ ಅಜ್ಜಿ ಹಿಂದಿರುಗಿಸುವ ಮೊದಲು ಬಳ್ಳಿ ಮುರಿದದ್ದಕ್ಕೆ ಹತ್ತು ನಿಮಿಷ ಬೈದರು. ನಂಬರ್ ಪ್ಲೇಟ್ ಕಾಣುವ ಪಾರದರ್ಶಕ ಕಿಟಕಿ ಇದ್ದರೆ ಇನ್ನೂ ಒಳ್ಳೆಯದು. ಬೀದಿಯಲ್ಲಿ ತಿಂಗಳುಗಟ್ಟಲೆ ಮುಸುಕು ಹಾಕಿ ನಿಂತ ಕಾರು ಯಾರದ್ದು ಅಂತ ಕೇಳುವವರಿಗೆ ಉತ್ತರ ಸಿಗುತ್ತದೆ.

ಬೆಲೆ ಬಗ್ಗೆ ಒಂದೇ ಮಾತು. ಸಾವಿರಕ್ಕಿಂತ ಕಡಿಮೆಯದ್ದು ಸಾಮಾನ್ಯವಾಗಿ ಒಂದು ಬೇಸಿಗೆಯ ಮಟ್ಟಿಗೆ ಅಂದುಕೊಳ್ಳಿ.

ಹಂತ 5: ಹಾಕುವ, ತೆಗೆಯುವ ಕ್ರಮ

ಹೊದಿಸುವ ಮೊದಲು ಕಾರು ಶುಚಿಯಾಗಿರಬೇಕು, ಒಣಗಿರಬೇಕು, ತಣ್ಣಗಾಗಿರಬೇಕು. ಓಡಿಸಿ ಬಂದ ತಕ್ಷಣ ಹಾಕಿದರೆ ಸೈಲೆನ್ಸರ್ ತುದಿಗೆ ತಾಗಿ ಬಟ್ಟೆ ಕರಗುತ್ತದೆ. ಆಯುಧಪೂಜೆ ದಿನ ಬಾನೆಟ್‌ಗೆ ಅರಿಶಿನ-ಕುಂಕುಮ ಹಚ್ಚಿ, ಹಾರ ಹಾಕಿ, ಅದರ ಮೇಲೆಯೇ ಕವರ್ ಎಳೆದು ಊರಿಗೆ ಹೋಗುವವರಿದ್ದಾರೆ. ಹಬ್ಬ ಮುಗಿದ ಮೇಲೆ ಒರೆಸಿಯೇ ಹೊದಿಸಿ, ಇಲ್ಲದಿದ್ದರೆ ಕುಂಕುಮದ ಗುರುತು ಮುಂದಿನ ಹಬ್ಬದವರೆಗೂ ಇರುತ್ತದೆ.

ಕವರ್‌ನ ಮುಂಭಾಗ ಯಾವುದು ಅಂತ ಒಳಗೆ ದಪ್ಪ ಮಾರ್ಕರ್‌ನಲ್ಲಿ 'ಮುಂದೆ' ಎಂದು ಬರೆದುಕೊಳ್ಳಿ. ರಾತ್ರಿ ಬೀದಿದೀಪದಲ್ಲಿ ಅದೊಂದು ದೊಡ್ಡ ಉಪಕಾರ. ಮಡಿಸಿದ ಕವರನ್ನು ಕಾರಿನ ನೆತ್ತಿಯ ಮೇಲಿಟ್ಟು, ಮೊದಲು ಮುಂದಕ್ಕೆ, ಆಮೇಲೆ ಹಿಂದಕ್ಕೆ ಬಿಚ್ಚಿ. ಕೊನೆಗೆ ಎರಡು ಬದಿ ಇಳಿಸಿ. ನೆಲದ ಮೇಲೆ ಹರಡಿ ಎಳೆಯಬೇಡಿ, ಮರಳು ಅಂಟಿಕೊಂಡು ಒಳಗೆ ಬರುತ್ತದೆ. ತೆಗೆಯುವಾಗ ಇದರ ತಿರುಗುಮುರುಗು. ಮೊದಲು ಎರಡೂ ಬದಿಯನ್ನು ಮೇಲಕ್ಕೆ ಮಡಿಸಿ, ಆಮೇಲೆ ಮುಂದಿನಿಂದ, ಹಿಂದಿನಿಂದ ನೆತ್ತಿಯ ಕಡೆಗೆ ಸುತ್ತಿ. ಹೊರಗಿನ ಕೊಳೆ ಮಡಿಕೆಯೊಳಗೇ ಉಳಿಯುತ್ತದೆ, ಕಾರಿಗೆ ತಾಗುವುದಿಲ್ಲ.

ಮಳೆಗಾಲದಲ್ಲಿ ಬಿಸಿಲು ಬಿದ್ದ ದಿನ ಒಂದೆರಡು ಗಂಟೆ ಕವರ್ ತೆಗೆದು ಕಾರಿಗೆ ಗಾಳಿ ತೋರಿಸಿ. ಊರಿನಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯವರಿಗೆ ಹೇಳಿ ಹೋಗಿ. ಒದ್ದೆ ಕವರನ್ನು ಮಡಿಸಿ ಡಿಕ್ಕಿಯಲ್ಲಿ ಹಾಕಬೇಡಿ. ಕವರ್ ತೆಗೆದಾಗ ಬಾನೆಟ್ ಎತ್ತಿಯೂ ನೋಡಿ. ಮುಸುಕಿನ ಕೆಳಗೆ ಕತ್ತಲು, ಬೆಚ್ಚಗೆ, ಯಾರ ಕಾಟವೂ ಇಲ್ಲ. ಮೋರಿಯ ಹೆಗ್ಗಣಗಳಿಗೆ ಇದಕ್ಕಿಂತ ಒಳ್ಳೆ ಬಾಡಿಗೆ ಮನೆ ಬೆಂಗಳೂರಿನಲ್ಲಿ ಸಿಗುವುದಿಲ್ಲ. ಅವು ವೈರ್ ಕಡಿದರೆ ಬರುವ ಬಿಲ್ಲಿನಲ್ಲಿ ಹತ್ತು ಕವರ್ ಕೊಳ್ಳಬಹುದು.

ದೀಪಾವಳಿಯ ಮೂರು ದಿನ ಮಾತ್ರ ಕವರ್ ತೆಗೆದಿಡಿ. ಈ ಬಟ್ಟೆಗಳೆಲ್ಲ ಕಿಡಿ ತಾಗಿದರೆ ಕರಗಿ ಪೇಂಟಿಗೆ ಅಂಟಿಕೊಳ್ಳುತ್ತವೆ, ಬೆಂಕಿಯೂ ಹಿಡಿಯಬಹುದು. ಬರೀ ಕಾರಿನ ಮೇಲೆ ಬಿದ್ದ ಸುರುಸುರುಬತ್ತಿಯ ಕಿಡಿಗೆ ಸಾಮಾನ್ಯವಾಗಿ ಅಷ್ಟು ಅನಾಹುತ ಆಗುವುದಿಲ್ಲ.

ಹಂತ 6: ತೊಳೆಯುವುದು, ಬದಲಿಸುವುದು

ತಿಂಗಳಿಗೊಮ್ಮೆ ಟೆರೇಸ್ ಮೇಲೆ ಹರಡಿ ಪೈಪ್ ನೀರಿನಲ್ಲಿ ತೊಳೆಯಿರಿ. ವಾಷಿಂಗ್ ಮೆಷಿನ್, ಖಾರದ ಸೋಪಿನ ಪುಡಿ, ಬ್ರಷ್ ಎಲ್ಲ ಬೇಡ. ಲೇಪ ಎದ್ದು ಹೋಗುತ್ತದೆ. ನೆರಳಿನಲ್ಲಿ ತಂತಿಯ ಮೇಲೆ ಹಾಕಿ ಒಣಗಿಸಿ.

ಬೆರಳಲ್ಲಿ ಉಜ್ಜಿದಾಗ ಬೆಳ್ಳಿ ಪುಡಿ ಕೈಗೆ ಬಂದರೆ, ಅಥವಾ ಬಿಸಿಲಿಗೆ ಹಿಡಿದಾಗ ಸೂಜಿ ಚುಚ್ಚಿದಂತೆ ಬೆಳಕು ಕಂಡರೆ ಅದರ ಕಾಲ ಮುಗಿಯಿತು. ಆ ಪುಡಿ ಪೇಂಟಿಗೆ ಅಂಟುವ ಮೊದಲೇ ಬದಲಿಸಿ. ನಮ್ಮ ಹಳೆಯ ಟಫೆಟ ಈಗ ಟೆರೇಸಿನ ವಾಷಿಂಗ್ ಮೆಷಿನ್ ಮೇಲಿದೆ. ಆ ಮೊದಲ ಪ್ಲಾಸ್ಟಿಕ್ ಕವರನ್ನು ಎದುರು ಸೈಟಿನಲ್ಲಿ ಮನೆ ಕಟ್ಟುತ್ತಿರುವ ಮೇಸ್ತ್ರಿ ಸಿಮೆಂಟ್ ಮೂಟೆ ಮುಚ್ಚಲು ಕೇಳಿಕೊಂಡು ಹೋದರು. ಎರಡು ಮಳೆಗಾಲ ಆಯಿತು, ಒಂದು ಹನಿ ಒಳಗೆ ಹೋಗಿಲ್ಲವಂತೆ.